ಬೋರ್ಡಿನಲ್ಲಿ ಶೇ. 60 ಕನ್ನಡ ಇದ್ದರೆ ಸಾಲದು, ಓದಲೂ ಆಗಬೇಕು: ಅಕ್ಷರ ಮತ್ತು ಹಿನ್ನೆಲೆ ಬಣ್ಣದ ಲೆಕ್ಕ ಇಲ್ಲಿದೆ

ಮಂಗಳೂರು: ಅಂಗಡಿ, ಹೋಟೆಲ್, ಕ್ಲಿನಿಕ್, ಲ್ಯಾಬ್, ಟ್ಯೂಷನ್ ಸೆಂಟರ್ ಯಾವುದೇ ಇರಲಿ, ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಫಲಕದ ಮೇಲಿನ ಅರ್ಧ ಭಾಗದಲ್ಲಿ ಇರಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿ ಹೇಳುವುದು ಇದನ್ನೇ. ಆದರೆ ಶೇ. 60 ಎನ್ನುವುದು ಜಾಗದ ಲೆಕ್ಕ. ಆ ಜಾಗದಲ್ಲಿ ಬರೆದದ್ದು ರಸ್ತೆಯಲ್ಲಿ ಹೋಗುವವರಿಗೆ ಓದಲು ಆಗುತ್ತದೋ ಇಲ್ಲವೋ ಎನ್ನುವುದು ಬೇರೆಯೇ ಲೆಕ್ಕ.

ಬಿಳಿ ಗೋಡೆಯ ಮೇಲೆ ಚಿನ್ನದ ಬಣ್ಣದ ಅಕ್ಷರ, ಹಸಿರು ಫ್ಲೆಕ್ಸ್ ಮೇಲೆ ಕೆಂಪು ಅಕ್ಷರ, ತಿಂಡಿಯ ಫೋಟೋ ಮೇಲೆ ಹಳದಿ ಅಕ್ಷರ. ಇವೆಲ್ಲ ಹತ್ತಿರದಿಂದ, ಕಂಪ್ಯೂಟರ್ ಪರದೆಯಲ್ಲಿ ಚೆಂದವೇ ಕಾಣುತ್ತವೆ. ರಸ್ತೆಯ ಆಚೆ ಬದಿಯಿಂದ, ಮಳೆಯಲ್ಲಿ, ಬಸ್ಸಿನ ಕಿಟಕಿಯಿಂದ ನೋಡಿದರೆ ಬೋರ್ಡು ಉಂಟು, ಹೆಸರು ಇಲ್ಲ. ಹೆಸರು ಓದಲು ಆಗದ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಕಣ್ಣು ಮಂಜಾದ ಹಿರಿಯರು ಕ್ಲಿನಿಕ್ ಹುಡುಕಿ ನಾಲ್ಕು ಜನರನ್ನು ಕೇಳಬೇಕಾಗುತ್ತದೆ. ಇದನ್ನು ಸರಿ ಮಾಡಲು ಹೆಚ್ಚು ಖರ್ಚು ಇಲ್ಲ. ಬೋರ್ಡು ಬರೆಸುವ ಮೊದಲು ಬಣ್ಣ ಸರಿಯಾಗಿ ಆರಿಸಿದರೆ ಆಯಿತು.

ಕಾಂಟ್ರಾಸ್ಟ್ ಅಂದ್ರೆ ಏನು?

ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಬೆಳಕಿನಲ್ಲಿ ಇರುವ ಅಂತರವನ್ನು ಕಾಂಟ್ರಾಸ್ಟ್ ಅನ್ನುತ್ತಾರೆ. ಇಲ್ಲಿ ಮುಖ್ಯವಾದ ಮಾತು ಒಂದೇ: ಎರಡು ಬಣ್ಣ ಬೇರೆ ಬೇರೆ ಆಗಿದ್ದರೆ ಸಾಲದು, ಒಂದು ತಿಳಿ, ಇನ್ನೊಂದು ಗಾಢ ಆಗಿರಬೇಕು. ಕೆಂಪು ಮತ್ತು ಹಸಿರು ಬೇರೆ ಬೇರೆ ಬಣ್ಣಗಳೇ. ಆದರೆ ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟದ ಗಾಢ. ಆದ್ದರಿಂದ ಹಸಿರಿನ ಮೇಲೆ ಬರೆದ ಕೆಂಪು ಅಕ್ಷರ ಸ್ವಲ್ಪ ದೂರದಿಂದಲೇ ಕಲಸಿ ಹೋಗುತ್ತದೆ.

ಈ ಅಂತರವನ್ನು ಅಂಕಿಯಲ್ಲಿ ಹೇಳುವ ಪದ್ಧತಿ ಇದೆ. ವರ್ಲ್ಡ್ ವೈಡ್ ವೆಬ್ ಕನ್ಸೋರ್ಷಿಯಂ ಸಂಸ್ಥೆ 2008ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವೆಬ್‌ಸೈಟ್ ಮಾರ್ಗಸೂಚಿಯಲ್ಲಿ ಈ ಲೆಕ್ಕ ಇದೆ. ಒಂದೇ ಬಣ್ಣದ ಮೇಲೆ ಅದೇ ಬಣ್ಣ ಬರೆದರೆ 1, ಬಿಳಿಯ ಮೇಲೆ ಕಪ್ಪು ಬರೆದರೆ 21. ಉಳಿದ ಜೋಡಿಗಳೆಲ್ಲ ಇವೆರಡರ ಮಧ್ಯೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ ಕನಿಷ್ಠ 3 ಇರಬೇಕು ಅಂತ ಆ ಮಾರ್ಗಸೂಚಿ ಹೇಳುತ್ತದೆ. ಇನ್ನೂ ಮೇಲಿನ ದರ್ಜೆಗೆ, ಅಂದರೆ ದೃಷ್ಟಿ ಕಡಿಮೆ ಇರುವವರಿಗೂ ಸಲೀಸಾಗಬೇಕು ಎಂದರೆ, 7 ಬೇಕು.

ಹಳದಿ ಯಾಕೆ ಅಷ್ಟು ತಿಳಿ, ನೀಲಿ ಯಾಕೆ ಅಷ್ಟು ಗಾಢ ಎನ್ನುವುದಕ್ಕೂ ಇದೇ ಲೆಕ್ಕದಲ್ಲಿ ಉತ್ತರ ಇದೆ. ಪರದೆಯ ಮೇಲಿನ ಬಿಳಿ ಬೆಳಕಿನಲ್ಲಿ ಕಣ್ಣಿಗೆ ಕಾಣುವ ಹೊಳಪಿನ ಶೇ. 71ಕ್ಕೂ ಹೆಚ್ಚು ಪಾಲು ಹಸಿರಿನದ್ದು, ಸುಮಾರು ಶೇ. 21 ಕೆಂಪಿನದ್ದು, ನೀಲಿಯದ್ದು ಬರೀ ಶೇ. 7. ಪರದೆಯಲ್ಲಿ ಕೆಂಪು ಮತ್ತು ಹಸಿರು ಬೆಳಕು ಸೇರಿದರೆ ಹಳದಿ. ಹಾಗಾಗಿ ಹಳದಿಯ ಹೊಳಪು ಬಿಳಿಗೆ ತೀರಾ ಹತ್ತಿರ, ನೀಲಿ ಕಪ್ಪಿಗೆ ಹತ್ತಿರ. ಬಿಳಿಯ ಮೇಲೆ ಹಳದಿ, ಕಪ್ಪಿನ ಮೇಲೆ ನೀಲಿ, ಎರಡೂ ಓದಲು ಕಷ್ಟ ಆಗುವುದು ಇದೇ ಕಾರಣಕ್ಕೆ.

ಯಾವ ಜೋಡಿ ಪಾಸ್, ಯಾವುದು ಫೇಲ್?

ಕೆಳಗಿನ ಅಂಕಿಗಳು ಅಚ್ಚ ಬಣ್ಣಗಳಿಗೆ, ಪರದೆಯ ಲೆಕ್ಕದಲ್ಲಿ. ಪೇಂಟ್ ಮತ್ತು ಫ್ಲೆಕ್ಸ್‌ನಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ, ಆದರೆ ಯಾವುದು ಮೇಲೆ, ಯಾವುದು ಕೆಳಗೆ ಎನ್ನುವ ಅಂದಾಜಿಗೆ ಸಾಕು.

ಧೈರ್ಯವಾಗಿ ಬಳಸಬಹುದಾದವು:
– ಬಿಳಿಯ ಮೇಲೆ ಕಪ್ಪು: 21
– ಹಳದಿಯ ಮೇಲೆ ಕಪ್ಪು: 19.6
– ಗಾಢ ನೀಲಿಯ ಮೇಲೆ ಬಿಳಿ: 16
– ಗಾಢ ನೀಲಿಯ ಮೇಲೆ ಹಳದಿ: 14.9
– ಮೆರೂನ್ ಮೇಲೆ ಬಿಳಿ: 10.9
– ಕಿತ್ತಳೆಯ ಮೇಲೆ ಕಪ್ಪು: 10.6
– ಮೆರೂನ್ ಮೇಲೆ ಹಳದಿ: 10.2

ದೊಡ್ಡ ಅಕ್ಷರಕ್ಕೆ ಪರವಾಗಿಲ್ಲ, ಸಣ್ಣದಕ್ಕೆ ಜಾಗ್ರತೆ:
– ಹಸಿರಿನ ಮೇಲೆ ಬಿಳಿ: 5.1
– ಹಸಿರಿನ ಮೇಲೆ ಹಳದಿ: 4.8
– ಕೆಂಪಿನ ಮೇಲೆ ಬಿಳಿ: 4
– ಕೆಂಪಿನ ಮೇಲೆ ಹಳದಿ: 3.7

ಬೇಡವೇ ಬೇಡ:
– ಕಪ್ಪಿನ ಮೇಲೆ ನೀಲಿ: 2.4
– ನೀಲಿಯ ಮೇಲೆ ಕೆಂಪು: 2.1
– ಬಿಳಿಯ ಮೇಲೆ ಕಿತ್ತಳೆ: 2
– ಬಿಳಿಯ ಮೇಲೆ ಬೆಳ್ಳಿ ಬಣ್ಣ: 1.8
– ಬಿಳಿಯ ಮೇಲೆ ಚಿನ್ನದ ಬಣ್ಣ: 1.4
– ಹಸಿರಿನ ಮೇಲೆ ಕೆಂಪು: 1.3
– ಬಿಳಿಯ ಮೇಲೆ ಹಳದಿ: 1.1

ಅಕ್ಷರ ಮತ್ತು ಹಿನ್ನೆಲೆಯನ್ನು ಅದಲು ಬದಲು ಮಾಡಿದರೂ ಅಂಕಿ ಬದಲಾಗುವುದಿಲ್ಲ. ಹಳದಿಯ ಮೇಲೆ ಕಪ್ಪು ಎಷ್ಟೋ ಕಪ್ಪಿನ ಮೇಲೆ ಹಳದಿಯೂ ಅಷ್ಟೇ.

ದೊಡ್ಡ ಬೋರ್ಡಿನ ಅಕ್ಷರ ದೊಡ್ಡದೇ ಇರುತ್ತದೆ, ಹಾಗಾದರೆ 3 ಸಾಕಲ್ವಾ ಅಂತ ಕೇಳಬಹುದು. ಸಾಲದು. ದೊಡ್ಡ ಅಕ್ಷರ ಎನ್ನುವ ಮಾತು ಕೈಯಳತೆಯಲ್ಲಿರುವ ಪರದೆಗೆ ಹೇಳಿದ್ದು. ಒಂದು ಅಡಿ ಎತ್ತರದ ಅಕ್ಷರವನ್ನು 100 ಮೀಟರ್ ದೂರದಿಂದ ನೋಡಿದರೆ, ಅದು ಕೈಯಲ್ಲಿ ಹಿಡಿದ ಪೇಪರಿನಲ್ಲಿ ಒಂದು ಮಿಲಿಮೀಟರ್ ಚಿಲ್ಲರೆ ಎತ್ತರದ ಅಕ್ಷರದಷ್ಟೇ ಕಾಣುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ಬಸ್ಸು ಸೆಕೆಂಡಿಗೆ 11 ಮೀಟರ್ ದಾಟುತ್ತದೆ. 50 ಮೀಟರ್ ದೂರದಲ್ಲಿ ಬೋರ್ಡು ಕಣ್ಣಿಗೆ ಬಿದ್ದರೂ ಓದಲು ಸಿಗುವುದು ನಾಲ್ಕೈದು ಸೆಕೆಂಡ್ ಮಾತ್ರ. ಆದ್ದರಿಂದ ಹೊರಗಿನ ಬೋರ್ಡಿಗೆ 7ಕ್ಕಿಂತ ಮೇಲಿನ ಜೋಡಿ ಆರಿಸುವುದೇ ಒಳ್ಳೆಯದು.

ಹಳದಿ ಕೆಂಪು ಬೇಕೇ ಬೇಕು ಎನ್ನುವವರಿಗೆ

ಕನ್ನಡ ಬಾವುಟದ ಬಣ್ಣ ಬೋರ್ಡಿನಲ್ಲಿ ಇರಲಿ ಎನ್ನುವ ಆಸೆ ಹಲವರಿಗೆ. ಅಚ್ಚ ಕೆಂಪಿನ ಮೇಲೆ ಅಚ್ಚ ಹಳದಿ ಬರೆದರೆ ಸಿಗುವುದು 3.7. ಅಂಗಡಿಯ ಹೆಸರು ದೊಡ್ಡದಾಗಿದ್ದರೆ ಹತ್ತಿರದಿಂದ ಓದಬಹುದು, ಆದರೆ ಕೆಳಗೆ ಬರೆದ ಫೋನ್ ನಂಬರ್ ಮತ್ತು ವಿಳಾಸ ಮುಳುಗುತ್ತದೆ. ಇದಕ್ಕೆ ಉಪಾಯ ಸುಲಭ. ಕೆಂಪನ್ನು ಸ್ವಲ್ಪ ಗಾಢ ಮಾಡಿ ಮೆರೂನ್ ಕಡೆ ತಂದರೆ ಅದೇ ಜೋಡಿ 3.7ರಿಂದ 10ಕ್ಕೆ ಏರುತ್ತದೆ. ಬಾವುಟದ ಭಾವನೆಯೂ ಉಳಿಯುತ್ತದೆ, ಅಕ್ಷರವೂ ಕಾಣುತ್ತದೆ. ಅಥವಾ ಕೆಂಪು ಪಟ್ಟಿಯನ್ನು ಬರೀ ಅಂಚಿಗೆ ಇಟ್ಟು, ಹಳದಿಯ ಮೇಲೆ ಕಪ್ಪಿನಲ್ಲಿ ಹೆಸರು ಬರೆಸಬಹುದು.

ಕನ್ನಡ ಅಕ್ಷರಕ್ಕೆ ಜಾಸ್ತಿ ಕಾಂಟ್ರಾಸ್ಟ್ ಬೇಕು, ಯಾಕೆ?

ಇಂಗ್ಲಿಷಿನ ದಪ್ಪಕ್ಷರಗಳು ಎಲ್ಲ ಒಂದೇ ಎತ್ತರ. ಕನ್ನಡದಲ್ಲಿ ಹಾಗಲ್ಲ. ಮೇಲೆ ತಲೆಕಟ್ಟು, ಗುಡಿಸು, ಪಕ್ಕದಲ್ಲಿ ಕೊಂಬು, ಕೆಳಗೆ ಒತ್ತಕ್ಷರ. ಒತ್ತಕ್ಷರದ ಗಾತ್ರ ಮೂಲ ಅಕ್ಷರಕ್ಕಿಂತ ಚಿಕ್ಕದು, ಗೆರೆಯೂ ತೆಳು. ಬಣ್ಣ ಮಸುಕಾದರೆ ಮೊದಲು ಹೋಗುವುದು ಇವೇ. ಇನ್ನು ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’, ‘ಡ’ ಮತ್ತು ‘ಢ’ ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು ಮಾತ್ರ. ಆ ಗೀಟು ಕಾಣದಿದ್ದರೆ ‘ಧನಲಕ್ಷ್ಮಿ’ ಹೋಗಿ ‘ದನಲಕ್ಷ್ಮಿ’ ಆಗುತ್ತದೆ. ನಗುವ ವಿಷಯ ಹೌದು, ಆದರೆ ಅಂಗಡಿಯ ಹೆಸರು ಅದೇ ಆದಾಗ ನಗು ಬರುವುದಿಲ್ಲ.

ಅಕ್ಷರದ ಸುತ್ತ ಬೇರೆ ಬಣ್ಣದ ದಪ್ಪ ಅಂಚು ಕೊಟ್ಟು ಎದ್ದು ಕಾಣಿಸುವ ರೂಢಿಯೂ ಉಂಟು. ಕನ್ನಡಕ್ಕೆ ಇದು ಅಷ್ಟು ಸರಿ ಹೋಗುವುದಿಲ್ಲ. ಅಂಚು ದಪ್ಪ ಆದಷ್ಟೂ ಅಕ್ಷರದೊಳಗಿನ ಸುಳಿ, ಒತ್ತಿನ ಮಧ್ಯದ ಜಾಗ ತುಂಬಿ ಹೋಗಿ ಒಂದು ಗಂಟಿನ ಹಾಗೆ ಕಾಣುತ್ತದೆ. ಅಂಚಿನ ಬದಲು ಅಕ್ಷರದ ಹಿಂದೆ ಒಂದೇ ಬಣ್ಣದ ಪಟ್ಟಿ ಹಾಕುವುದು ಉತ್ತಮ.

ಗಾತ್ರಕ್ಕೆ ಬೋರ್ಡು ಬರೆಯುವವರಲ್ಲಿ ಚಾಲ್ತಿಯಲ್ಲಿರುವ ಅಂದಾಜು: 10 ಅಡಿ ದೂರಕ್ಕೆ 1 ಇಂಚು ಎತ್ತರ. 100 ಅಡಿಯಿಂದ ಓದಬೇಕಾದರೆ 10 ಇಂಚು. ಕನ್ನಡದಲ್ಲಿ ಈ ಅಳತೆಯನ್ನು ಒತ್ತು, ಗುಡಿಸು ಬಿಟ್ಟು ಮೂಲ ಅಕ್ಷರಕ್ಕೆ ಮಾತ್ರ ಲೆಕ್ಕ ಹಾಕಬೇಕು.

ಊರಲ್ಲೇ ಇರುವ ಪಾಠ

ಒಳ್ಳೆಯ ಜೋಡಿ ಯಾವುದು ಅಂತ ಕಲಿಯಲು ದೂರ ಹೋಗಬೇಕಿಲ್ಲ. ಮಂಗಳೂರು ಸೆಂಟ್ರಲ್ ಅಥವಾ ಜಂಕ್ಷನ್ ರೈಲ್ವೆ ಸ್ಟೇಷನ್‌ನ ಹಳದಿ ಫಲಕ, ಕಪ್ಪು ಅಕ್ಷರ ನೋಡಿ. ಚಲಿಸುವ ರೈಲಿನಿಂದಲೂ ಓದಲು ಆಗುತ್ತದೆ. ವಾಹನಗಳ ನಂಬರ್ ಪ್ಲೇಟ್‌ ಕೂಡ ಹೀಗೆಯೇ: ಸ್ವಂತ ವಾಹನಕ್ಕೆ ಬಿಳಿಯ ಮೇಲೆ ಕಪ್ಪು, ಬಾಡಿಗೆ ವಾಹನಕ್ಕೆ ಹಳದಿಯ ಮೇಲೆ ಕಪ್ಪು, ಬಾಡಿಗೆಗೆ ಪಡೆದು ತಾವೇ ಓಡಿಸುವ ವಾಹನಕ್ಕೆ ಕಪ್ಪಿನ ಮೇಲೆ ಹಳದಿ, ಸ್ವಂತ ಎಲೆಕ್ಟ್ರಿಕ್ ವಾಹನಕ್ಕೆ ಹಸಿರಿನ ಮೇಲೆ ಬಿಳಿ. ಹೆದ್ದಾರಿಯ ದಿಕ್ಕುಸೂಚಿ ಫಲಕಗಳಲ್ಲೂ ಹಸಿರಿನ ಮೇಲೆ ಬಿಳಿ.

ದಸರಾ ಹೊತ್ತಿನ ಪಿಲಿವೇಷ ಗುಂಪಿನ ಮಧ್ಯೆಯೂ ದೂರದಿಂದ ಎದ್ದು ಕಾಣುವುದು ಹಳದಿಯ ಮೇಲಿನ ಕಪ್ಪು ಪಟ್ಟಿಯಿಂದ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದಲ್ಲಿ ಕಪ್ಪು ಕೆಂಪಿನ ಮುಖದ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಚಿಟ್ಟಿ ಇಡುತ್ತಾರೆ. ಮಂದ ಬೆಳಕಿನಲ್ಲಿ, ಗದ್ದೆಯ ಕೊನೆಯಲ್ಲಿ ಕೂತವರಿಗೂ ಆ ಮುಖ ಕಾಣುತ್ತದೆ. ಗಾಢದ ಪಕ್ಕ ತಿಳಿ ಇಡಬೇಕು ಎನ್ನುವುದು ಈ ಊರಿನವರಿಗೆ ಹೊಸ ವಿದ್ಯೆ ಅಲ್ಲ. ಮೊದಲ ಕನ್ನಡ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಬಂದದ್ದೂ ಇದೇ ಊರಿನಿಂದ.

ಮಳೆ, ಬಿಸಿಲು, ಮುಸ್ಸಂಜೆ

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ಬೆಳಕು, ಒದ್ದೆ ಗಾಜು, ಕೊಡೆಯ ಮರೆ. ಕಾಂಟ್ರಾಸ್ಟ್ ಕಡಿಮೆ ಇರುವ ಬೋರ್ಡು ಮೊದಲು ಸೋಲುವುದು ಈ ನಾಲ್ಕು ತಿಂಗಳಲ್ಲಿ. ತಿಳಿ ಬಣ್ಣದ ಹಿನ್ನೆಲೆಗೆ ಪಾಚಿ ಹಿಡಿದು ಕಪ್ಪಾದರೆ ಬಿಳಿಯ ಮೇಲಿನ ಕಪ್ಪಕ್ಷರವೂ ಮಂಕಾಗುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬೋರ್ಡು ಒರೆಸಿದರೆ ಅರ್ಧ ಸಮಸ್ಯೆ ಪರಿಹಾರ.

ಬೇಸಗೆಯ ಬಿಸಿಲು ಇನ್ನೊಂದು ಕಡೆಯಿಂದ ತಿನ್ನುತ್ತದೆ. ಪ್ರಿಂಟ್ ಆದ ಬಣ್ಣಗಳಲ್ಲಿ ಕೆಂಪು ಮತ್ತು ಹಳದಿ ಬೇಗ ಮಾಸುತ್ತವೆ, ನೀಲಿ ಮತ್ತು ಕಪ್ಪು ಹೆಚ್ಚು ದಿನ ನಿಲ್ಲುತ್ತವೆ. ಗೋಡೆಯ ಮೇಲಿನ ಹಳೆಯ ಸಿನಿಮಾ ಪೋಸ್ಟರ್ ನೀಲಿ ನೀಲಿ ಕಾಣುವುದು ಇದರಿಂದಲೇ. ಬಿಳಿಯ ಮೇಲೆ ಕೆಂಪು ಪ್ರಿಂಟ್ ಹಾಕಿಸಿದ ಬೋರ್ಡು ಹೊಸದರಲ್ಲಿ 4 ಇದ್ದದ್ದು ಒಂದೆರಡು ಬೇಸಗೆಯಲ್ಲಿ ಗುಲಾಬಿಯಾಗಿ ಇನ್ನೂ ಕೆಳಗಿಳಿಯುತ್ತದೆ. ಮೊದಲೇ 7ಕ್ಕಿಂತ ಮೇಲೆ ಇದ್ದರೆ ಮಾಸಿದರೂ ಓದುವಷ್ಟು ಉಳಿಯುತ್ತದೆ.

ಬೆಳಕು ಕಡಿಮೆ ಆದಾಗ ಕಣ್ಣಿಗೆ ಕೆಂಪು ಬಣ್ಣ ಬೇಗ ಕಪ್ಪಾಗಿ ಕಾಣುತ್ತದೆ. ಮಧ್ಯಾಹ್ನ ಕಪ್ಪು ಹಿನ್ನೆಲೆಯ ಮೇಲೆ ಎದ್ದು ಕಂಡ ಕೆಂಪು ಅಕ್ಷರ ದೀಪ ಇಲ್ಲದಿದ್ದರೆ ಏಳು ಗಂಟೆಗೆ ಮಾಯ. ಹೊಳೆಯುವ ಸ್ಟೀಲ್ ಅಕ್ಷರ, ಕನ್ನಡಿಯಂಥ ಎಸಿಪಿ ಶೀಟ್ ಹಾಕಿದರೆ ಆಕಾಶದ ಬೆಳಕೇ ಅದರಲ್ಲಿ ಪ್ರತಿಫಲಿಸಿ ಬಣ್ಣದ ಅಂತರವನ್ನು ನುಂಗಿಬಿಡುತ್ತದೆ. ಮ್ಯಾಟ್ ಫಿನಿಶ್ ಕೇಳಿ. ಎಲ್‌ಇಡಿ ಬೋರ್ಡಿನಲ್ಲಿ ಬೆಳಕು ಜಾಸ್ತಿಯಾದರೂ ತೊಂದರೆ: ಅಕ್ಷರದ ಬೆಳಕು ಪಕ್ಕಕ್ಕೆ ಹರಡಿ ಒತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರಾತ್ರಿ ಹೊತ್ತು ಬೆಳಕು ಸ್ವಲ್ಪ ತಗ್ಗಿಸಬೇಕು.

ಯಾರಿಗೆ ಹೆಚ್ಚು ತೊಂದರೆ?

ಕಣ್ಣಿನ ಪರೀಕ್ಷೆ ಅಂದ್ರೆ ದೊಡ್ಡದರಿಂದ ಸಣ್ಣಕ್ಕೆ ಇಳಿಯುವ ಅಕ್ಷರಗಳ ಚಾರ್ಟ್ ಎಲ್ಲರಿಗೂ ಗೊತ್ತು. ಅದು 1862ರ ಸ್ನೆಲ್ಲೆನ್ ಚಾರ್ಟ್. 1988ರಲ್ಲಿ ಬಂದ ಪೆಲ್ಲಿ–ರಾಬ್ಸನ್ ಚಾರ್ಟ್ ಬೇರೆ ರೀತಿಯದು: ಅದರಲ್ಲಿ ಅಕ್ಷರದ ಗಾತ್ರ ಒಂದೇ, ಆದರೆ ಕೆಳಗೆ ಹೋದ ಹಾಗೆ ಬಣ್ಣ ಮಸುಕಾಗುತ್ತಾ ಹೋಗುತ್ತದೆ. ಸಣ್ಣ ಅಕ್ಷರ ಓದುವವರೂ ಮಸುಕಾದ ಅಕ್ಷರದ ಎದುರು ಸೋಲಬಹುದು. ವಯಸ್ಸಾದಂತೆ, ಅದರಲ್ಲೂ ಕಣ್ಣಿನ ಪೊರೆ ಬಂದವರಲ್ಲಿ, ಹೀಗೆ ಆಗುವುದು ಸಾಮಾನ್ಯ. ಕನ್ನಡಕ ಹಾಕಿಕೊಂಡರೂ ಬೋರ್ಡು ಕಾಣುವುದಿಲ್ಲ ಅಂತ ಹಿರಿಯರು ಹೇಳಿದರೆ ಅದು ಕನ್ನಡಕದ ತಪ್ಪೇ ಆಗಿರಬೇಕಿಲ್ಲ. ಕಣ್ಣಿನ ಡಾಕ್ಟರಿಗೆ ತೋರಿಸಬೇಕು, ಬೋರ್ಡನ್ನೂ ಒಮ್ಮೆ ನೋಡಬೇಕು.

ಕೆಂಪು ಹಸಿರು ವ್ಯತ್ಯಾಸ ಕಾಣದ ವರ್ಣಾಂಧತೆ ಹುಟ್ಟಿನಿಂದ ಬರುವಂಥದ್ದು, ಗಂಡಸರಲ್ಲೇ ಹೆಚ್ಚು. ಯೂರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಇದೆ. ಅಂಥವರಿಗೆ ಹಸಿರು ಬೋರ್ಡಿನ ಕೆಂಪು ಅಕ್ಷರ ಬರೀ ಒಂದು ಕಂದು ಹಲಗೆ. ತಿಳಿ ಮತ್ತು ಗಾಢದ ಅಂತರ ಇದ್ದರೆ ಅವರಿಗೂ ಓದಲು ತೊಂದರೆ ಇಲ್ಲ.

ಪ್ಯಾಕೆಟಿನ ಮೇಲೆ ಬಣ್ಣಕ್ಕೂ ಕಾನೂನು ಉಂಟು

ಚಿಪ್ಸ್, ಉಪ್ಪಿನಕಾಯಿ, ಹಪ್ಪಳ, ಮಸಾಲೆ ಪುಡಿ ಪ್ಯಾಕ್ ಮಾಡಿ ಮಾರುವವರು ಇದನ್ನು ಗಮನಿಸಬೇಕು. 2011ರ ಲೀಗಲ್ ಮೆಟ್ರಾಲಜಿ ಪ್ಯಾಕೇಜ್ಡ್ ಕಮಾಡಿಟಿ ನಿಯಮಗಳಲ್ಲಿ, ಬೆಲೆ ಮತ್ತು ನಿವ್ವಳ ತೂಕದ ಅಂಕಿಗಳು ಲೇಬಲ್‌ನ ಹಿನ್ನೆಲೆಗೆ ಎದ್ದು ಕಾಣುವಂಥ ಬೇರೆ ಬಣ್ಣದಲ್ಲಿ ಇರಬೇಕು ಅಂತ ಸ್ಪಷ್ಟವಾಗಿ ಇದೆ. ಅಂಕಿಯ ಎತ್ತರಕ್ಕೂ ಅಳತೆ ಇದೆ. ಕೆಂಪು ಪ್ಯಾಕೆಟಿನ ಮೇಲೆ ಕಪ್ಪು ಸೀಲಿನಲ್ಲಿ ಮಸುಕಾಗಿ ಒತ್ತಿದ ಬೆಲೆ ಗಿರಾಕಿಯ ಜತೆ ಜಗಳಕ್ಕೆ ಮಾತ್ರ ಅಲ್ಲ, ತಪಾಸಣೆಯಲ್ಲಿ ಪ್ರಶ್ನೆಗೂ ಕಾರಣ ಆಗಬಹುದು. ಸೀಲು ಒತ್ತುವ ಜಾಗವನ್ನು ಬಿಳಿ ಚೌಕವಾಗಿ ಬಿಟ್ಟು ಪ್ಯಾಕೆಟ್ ಪ್ರಿಂಟ್ ಹಾಕಿಸಿದರೆ ಚಿಂತೆ ಇಲ್ಲ.

ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಲ್ಲೂ ಸಸ್ಯಾಹಾರ, ಮಾಂಸಾಹಾರದ ಗುರುತು ಎದ್ದು ಕಾಣುವ ಹಿನ್ನೆಲೆಯ ಮೇಲೆ ಇರಬೇಕು. ಮೊದಲು ಎರಡಕ್ಕೂ ದುಂಡು ಗುರುತೇ ಇತ್ತು, ಬಣ್ಣ ಮಾತ್ರ ಹಸಿರು ಮತ್ತು ಕಂದು. ಬಣ್ಣ ಗುರುತಿಸಲು ಆಗದವರಿಗೆ ಎರಡೂ ಒಂದೇ ಥರ. ಈಗ ಮಾಂಸಾಹಾರಕ್ಕೆ ಚೌಕದೊಳಗೆ ಕಂದು ತ್ರಿಕೋನ. ಬಣ್ಣ ಒಂದನ್ನೇ ನಂಬಬಾರದು, ಆಕಾರವೂ ಬೇರೆ ಇರಬೇಕು ಎನ್ನುವ ಪಾಠ ಇದು. ಹೋಟೆಲ್ ಮೆನುವಿನಲ್ಲಿ ಮೀನಿನ ಐಟಂಗಳನ್ನು ಬರೀ ಕೆಂಪಕ್ಷರದಲ್ಲಿ ಬರೆದು ಬಿಡುವವರೂ ಪಕ್ಕದಲ್ಲಿ ಗುರುತು ಹಾಕುವುದು ಒಳ್ಳೆಯದು.

ವಾಟ್ಸ್‌ಆ್ಯಪ್ ಪೋಸ್ಟರ್, ಮೆನು, ವೆಬ್‌ಸೈಟ್

ಈಗ ಅರ್ಧ ವ್ಯಾಪಾರ ಮೊಬೈಲಿನಲ್ಲಿ. ಆಫರ್ ಪೋಸ್ಟರನ್ನು ಗಿರಾಕಿ ನೋಡುವುದು ಬಿಸಿಲಿನಲ್ಲಿ, ಬಸ್ ಕಾಯುತ್ತಾ, ಬ್ಯಾಟರಿ ಉಳಿಸಲು ಬೆಳಕು ತಗ್ಗಿಸಿದ ಪರದೆಯಲ್ಲಿ. ಬಿಳಿಯ ಮೇಲೆ ತೆಳು ಬೂದು ಬಣ್ಣದಲ್ಲಿ ಬರೆದ ಷರತ್ತು, ಫೋಟೋ ಮೇಲೆ ನೇರವಾಗಿ ಬರೆದ ದರ ಅಲ್ಲಿ ಕಾಣುವುದಿಲ್ಲ. ಫೋಟೋ ಬೇಕೇ ಬೇಕಾದರೆ ಅದರ ಕೆಳಗೆ ಗಾಢ ಬಣ್ಣದ ಪಟ್ಟಿ ಹಾಕಿ, ಅದರ ಮೇಲೆ ಬಿಳಿಯಲ್ಲಿ ಬರೆಯಿರಿ. ಸರಕಾರಿ ವೆಬ್‌ಸೈಟ್‌ಗಳ ಮೇಲ್ಭಾಗದಲ್ಲಿ ಅಕ್ಷರದ ಗಾತ್ರ ಮತ್ತು ಕಾಂಟ್ರಾಸ್ಟ್ ಬದಲಿಸುವ ಬಟನ್ ಇರುವುದನ್ನು ನೋಡಿರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಮಾಹಿತಿ ಎಲ್ಲರ ಕೈಗೆಟಕುವಂತೆ ಇರಬೇಕು ಎನ್ನುತ್ತದೆ. ಅಂಗಡಿಯ ಪುಟಕ್ಕೆ ಬಟನ್ ಬೇಡ, ಮೊದಲೇ ಸರಿಯಾದ ಬಣ್ಣ ಹಾಕಿದರೆ ಸಾಕು.

ದುಡ್ಡು ಕೊಡುವ ಮೊದಲು ಹೀಗೆ ನೋಡಿ

1. ಡಿಸೈನ್‌ನ ಫೋಟೋವನ್ನು ಮೊಬೈಲಿನಲ್ಲಿ ಕಪ್ಪು ಬಿಳುಪು ಮಾಡಿ. ಆಗಲೂ ಅಕ್ಷರ ಎದ್ದು ಕಂಡರೆ ಪಾಸ್, ಬೂದಿಯಲ್ಲಿ ಬೂದಿ ಕಲಸಿದ ಹಾಗಾದರೆ ಬಣ್ಣ ಬದಲಿಸಿ. ಇದೊಂದು ಪರೀಕ್ಷೆಗೆ ಒಂದು ನಿಮಿಷವೂ ಬೇಡ.

2. ಪರದೆಯ ಮುಂದೆ ಕೂತು ಒಪ್ಪಿಗೆ ಕೊಡಬೇಡಿ. ಮೊಬೈಲಿಗೆ ಕಳಿಸಿಕೊಂಡು, ಹೊರಗೆ ಬಿಸಿಲಿನಲ್ಲಿ ಕೈ ಚಾಚಿ ಹಿಡಿದು ನೋಡಿ.

3. ಸಾಧ್ಯವಾದರೆ ಒಂದು ಅಕ್ಷರವನ್ನು ನಿಜವಾದ ಗಾತ್ರದಲ್ಲಿ ಪ್ರಿಂಟ್ ತೆಗೆಸಿ ಅಂಗಡಿಯ ಮೇಲೆ ಅಂಟಿಸಿ, ರಸ್ತೆಯ ಆಚೆ ಹೋಗಿ ನೋಡಿ. ಸಂಜೆ ಏಳಕ್ಕೆ ಇನ್ನೊಮ್ಮೆ ನೋಡಿ.

4. ಮನೆಯ ಹಿರಿಯರಿಗೆ ತೋರಿಸಿ ಓದಿಸಿ. ಹೆಸರನ್ನು ಮೊದಲೇ ಹೇಳಬೇಡಿ.

5. ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ ಮಟ್ಟದ ಬಣ್ಣ ಇರಲಿ. ಮೇಲಿನ ಕನ್ನಡ ಮಸುಕು, ಕೆಳಗಿನ ಇಂಗ್ಲಿಷ್ ಬಿಳಿ ಇದ್ದರೆ ಅಳತೆ ಪಟ್ಟಿಯಲ್ಲಿ ಶೇ. 60 ಇರಬಹುದು, ಕಣ್ಣು ಓದುವುದು ಇಂಗ್ಲಿಷನ್ನೇ.

6. ಒಂದು ಬೋರ್ಡಿಗೆ ಎರಡು ಬಣ್ಣ, ಹೆಚ್ಚೆಂದರೆ ಮೂರು. ಫೋನ್ ನಂಬರಿಗೆ ಯಾವಾಗಲೂ ಎಲ್ಲಕ್ಕಿಂತ ಹೆಚ್ಚು ಕಾಂಟ್ರಾಸ್ಟ್ ಇರುವ ಜೋಡಿ.

ಪ್ಲಾಸ್ಟಿಕ್ ಫ್ಲೆಕ್ಸ್ ಬ್ಯಾನರ್‌ಗಳಿಗೆ ರಾಜ್ಯದಲ್ಲಿ 2016ರಿಂದ ನಿಷೇಧ ಇರುವುದರಿಂದ ಯಾವ ಸಾಮಗ್ರಿ ಬಳಸಬಹುದು ಎನ್ನುವುದನ್ನು ಸ್ಥಳೀಯ ಸಂಸ್ಥೆಯಲ್ಲಿ ಕೇಳಿಕೊಂಡೇ ಆರ್ಡರ್ ಕೊಡುವುದು ಕ್ಷೇಮ.

ಮೆರೂನ್ ಪೇಂಟಿಗೂ ಕೆಂಪು ಪೇಂಟಿಗೂ, ಗಾಢ ನೀಲಿಗೂ ತಿಳಿ ನೀಲಿಗೂ ಪ್ರಿಂಟಿಂಗ್ ದರದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಆಗುವುದು ಓದುವವರಿಗೆ. ಹೇಗೂ ಬೋರ್ಡು ಹೊಸದಾಗಿ ಬರೆಸುವುದಾದರೆ ಕಾನೂನಿನ ಅಳತೆಯ ಜತೆ ಕಣ್ಣಿನ ಅಳತೆಯನ್ನೂ ಸೇರಿಸಿಕೊಂಡರೆ, ‘ಅಂಗಡಿ ಎಲ್ಲಿ ಮಾರಾಯ್ರೆ, ಬೋರ್ಡೇ ಕಾಣ್ಲಿಲ್ಲ’ ಎಂಬ ಫೋನ್ ಕರೆ ಕಡಿಮೆಯಾಗುತ್ತದೆ.